ದಗುಸ ಹುಡುಕುತ್ತ ಹೋದ ಹತ್ತು ದಿನ

ನಮ್ಮಪ್ಪ ಹೊಲಕ್ಕೆ ಚೆಲ್ಲುತ್ತಿದ್ದ ರಾಗಿಗೆ ಇಂಡಾಫ್ ಎಂದು ಹೆಸರು. ತುರುವೇಕೆರೆ ಕಡೆಯ ನಮ್ಮ ಊರಿನಲ್ಲಿ ಆ ಹೆಸರಿನ ಅರ್ಥವನ್ನು ಯಾರೂ ಕೇಳಿದವರಲ್ಲ. ಕಾಲೇಜಿಗೆ ಬಂದ ಮೇಲೆ ನನಗೆ ತಿಳಿಯಿತು: ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ನಾಡಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಪಡೆದ ತಳಿಗಳವು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ಆಮೇಲೆ ಓದುತ್ತ ಹೋದಂತೆ ಇನ್ನಷ್ಟು ಗೊತ್ತಾಯಿತು. ರಾಗಿಯೇ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಸಾವಿರಾರು ವರ್ಷಗಳ ಹಿಂದೆ ಬಂದದ್ದು. ಅಕ್ಕಡಿ ಸಾಲಿನಲ್ಲಿ ಅಮ್ಮ ಬಿಡುತ್ತಿದ್ದ ಹುಚ್ಚೆಳ್ಳಿನ ತವರು ಇಥಿಯೋಪಿಯಾ. ಜೋಳ, ಅಲಸಂದೆ ಕೂಡ ಆಫ್ರಿಕಾದವು. ನಮ್ಮದು ಎಂದುಕೊಂಡಿದ್ದ ಹೊಲದ ಮುಕ್ಕಾಲು ಪಾಲಿನ ತವರು ಸಮುದ್ರದ ಆಚೆ ಇತ್ತು.

ಅದೇ ಇಥಿಯೋಪಿಯಾ ನಮ್ಮ ಬಾಲ್ಯದಲ್ಲಿ ಬರಗಾಲದ ಇನ್ನೊಂದು ಹೆಸರು. 1984ರ ಆ ಫೋಟೊಗಳು, ತಟ್ಟೆಯಲ್ಲಿ ಅನ್ನ ಬಿಟ್ಟರೆ ಮೇಷ್ಟ್ರು ಹೇಳುತ್ತಿದ್ದ ಮಾತು. ನಮಗೆ ಮುದ್ದೆ ಕೊಟ್ಟ ನಾಡನ್ನು ನಾವು ಹಸಿವಿನ ಗುರುತಾಗಿಯಷ್ಟೇ ನೆನಪಿಟ್ಟುಕೊಂಡಿದ್ದೇವೆ ಎಂಬುದು ನನ್ನನ್ನು ಬಹಳ ವರ್ಷ ಚುಚ್ಚಿದೆ. ಚಿಕ್ಕಪ್ಪನ ಮಗ, ನನಗೆ ತಮ್ಮನಾಗಬೇಕು, ಅಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ. ನವೆಂಬರ್ ಕೊನೆಗೆ ಬಾ, ಮಳೆ ನಿಂತು ಕೊಯ್ಲು ನಡೆದಿರುತ್ತದೆ ಎಂದು ಅವನು ಬರೆದ. ಹೊರಡುವ ಹತ್ತು ದಿನಕ್ಕೂ ಮೊದಲೇ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡೆ. ಆ ಕಾರ್ಡ್ ಇಲ್ಲದಿದ್ದರೆ ಹೋಗುವಾಗಿನದಕ್ಕಿಂತ ತಿರುಗಿ ಬರುವಾಗ ನಮ್ಮದೇ ವಿಮಾನ ನಿಲ್ದಾಣದಲ್ಲಿ ತೊಂದರೆ.

ಮೊದಲ ದಿನ: ಅಡಿಸ್ ಅಬಾಬಾ

ಸಮುದ್ರಮಟ್ಟದಿಂದ 2,300 ಮೀಟರ್‌ಗೂ ಮೇಲಿರುವ ಊರು. ಬೆಳಗಿನ ಚಳಿ ಕೊಡಗಿನದು, ಬಿಸಿಲು ಚಿತ್ರದುರ್ಗದ್ದು. ನನ್ನ ತಮ್ಮ ತನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ದುಭಾಷಿಯಾಗಿ ಜೊತೆಗೆ ಕಳಿಸಿದ್ದ. ದಕ್ಷಿಣದ ಗೆಡಿಯೊ ಸೀಮೆಯ ಹುಡುಗ, ಕಾಫಿ ಬೆಳೆಯುವವರ ಮನೆಯವನು. ಎಲ್ಲಿಗೆ ಮೊದಲು ಎಂದು ಕೇಳಿದ. ರಾಗಿ ಮಾರುವ ಕಡೆಗೆ ಎಂದೆ. ಅಮ್ಹಾರಿಕ್ ಭಾಷೆಯಲ್ಲಿ ರಾಗಿಗೆ ‘ದಗುಸ’ ಎನ್ನುತ್ತಾರೆ.

ಮೆರ್ಕಾಟೊ ಎಂಬ ಸಂತೆಪೇಟೆ ಒಂದು ಊರಿನಷ್ಟೇ ದೊಡ್ಡದು. ಕಾಳುಕಡ್ಡಿಯ ಓಣಿಯಲ್ಲಿ ಮೊದಲು ಕಾಣುವುದು ಟೆಫ್: ಬಿಳಿ, ಕೆಂಪು, ಎರಡೂ ಬೆರೆತದ್ದು. ಜಗತ್ತಿನ ಅತಿ ಸಣ್ಣ ಧಾನ್ಯಗಳಲ್ಲಿ ಒಂದು. ಒಂದು ಗ್ರಾಂ ತೂಗಲು ಸುಮಾರು 3,000 ಕಾಳು ಬೇಕು. ಅಂಗೈಗೆ ಸುರಿದುಕೊಂಡರೆ ನೀರಿನಂತೆ ಬೆರಳಿನ ಸಂದಿಯಲ್ಲಿ ಇಳಿದುಹೋಗುತ್ತದೆ. ಅದರ ಪಕ್ಕದ ಚೀಲದಲ್ಲಿ ಕಪ್ಪಗೆ ಮಿನುಗುತ್ತಿದ್ದುದನ್ನು ನಾನೇ ಗುರುತಿಸಿದೆ. ಹುಚ್ಚೆಳ್ಳು! ಅಲ್ಲಿ ಅದರ ಹೆಸರು ನೂಗ್. ಒಂದು ಕಾಳನ್ನು ಉಗುರಿನಲ್ಲಿ ಒತ್ತಿ ಮೂಸಿದೆ. ಅಮ್ಮ ಚಟ್ನಿಪುಡಿಗೆ ಹುರಿಯುತ್ತಿದ್ದ ವಾಸನೆ ಅದು.

ದಗುಸ ಮಾತ್ರ ಸುಲಭಕ್ಕೆ ಸಿಗಲಿಲ್ಲ. ಮೂರು ಅಂಗಡಿ ದಾಟಿದ ಮೇಲೆ ಒಬ್ಬ ವಯಸ್ಸಾದ ಹೆಂಗಸು ಒಳಗಿನಿಂದ ಅರ್ಧ ಚೀಲ ಎಳೆದು ತಂದರು. ಗೊಜ್ಜಾಮ್ ಸೀಮೆಯ ಕಾಳು ಎಂದರು. ಸ್ವಲ್ಪ ದಪ್ಪ, ಬಣ್ಣ ನಮ್ಮದಕ್ಕಿಂತ ಗಾಢ. ಬೊಗಸೆಯಲ್ಲಿ ತೆಗೆದುಕೊಂಡು ಊದಿದಾಗ ಹಾರಿದ ಹೊಟ್ಟು ಮಾತ್ರ ನಮ್ಮ ಕಣದ್ದೇ. ತೆಲ್ಲಾ ಮಾಡಲಿಕ್ಕೋ ಅರೆಕೆ ಮಾಡಲಿಕ್ಕೋ ಎಂದು ಆಕೆ ಕೇಳಿದರು. ಅಲ್ಲಿ ದಗುಸದ ಒಂದು ಪಾಲು ಮನೆಯ ಮದ್ಯಕ್ಕೆ ಹೋಗುತ್ತದೆ. ಒಂದಿಷ್ಟು ಟೆಫ್ ಜೊತೆ ಬೆರೆತು ದೋಸೆಯಂಥ ಇಂಜೆರಾ ಆಗುತ್ತದೆ. ನಮ್ಮಲ್ಲಿ ದಿನಾ ಎರಡು ಹೊತ್ತು ಊಟಕ್ಕೆ ಇದೇ ಎಂದು ಹೇಳಿಸಿದೆ. ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಅಳೆದ ಮೇಲೆ ಇನ್ನೊಂದು ಹಿಡಿ ಹೆಚ್ಚಿಗೆ ಸುರಿದರು. ಒಂದು ಕಿಲೋ ಚಿಲ್ಲರೆ ದಗುಸ ನನ್ನ ಬ್ಯಾಗ್ ಸೇರಿತು. ಬೀಜವನ್ನು ಪರವಾನಗಿ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ. ಇಲ್ಲೇ ಎಲ್ಲಾದರೂ ಬೇಯಿಸಿಯೇ ಹೋಗಬೇಕು ಎಂದುಕೊಂಡೆ.

ಊಟಕ್ಕೆ ಇಂಜೆರಾ. ಟೆಫ್ ಹಿಟ್ಟನ್ನು ಹಳೆಯ ಹುಳಿನೀರು ಬೆರೆಸಿ ಎರಡು ಮೂರು ದಿನ ಹುದುಗಿಸಿ, ಮಿತಾದ್ ಎಂಬ ದೊಡ್ಡ ಹೆಂಚಿನ ಮೇಲೆ ಹೊಯ್ಯುತ್ತಾರೆ. ಮಗುಚುವುದಿಲ್ಲ. ಮೇಲ್ಮೈ ತುಂಬ ಸಣ್ಣ ಸಣ್ಣ ಕಣ್ಣುಗಳು. ಹುಳಿದೋಸೆ ತಿಂದು ಬೆಳೆದವರಿಗೆ ಮೊದಲ ತುತ್ತಿಗೇ ಒಗ್ಗುತ್ತದೆ. ಸಸ್ಯಾಹಾರಿಗಳು ಈ ದೇಶಕ್ಕೆ ಹೆದರದೆ ಹೋಗಬಹುದು. ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ ಶುಕ್ರವಾರ ಮಾಂಸ, ಹಾಲು, ಬೆಣ್ಣೆ ಮುಟ್ಟುವುದಿಲ್ಲ. ನಾನು ಹೋದ ಹೊತ್ತಿಗೆ ಅವರ ಕ್ರಿಸ್ಮಸ್‌ಗೆ ಮುಂಚಿನ ದೀರ್ಘ ಉಪವಾಸವೂ ಶುರುವಾಗಿತ್ತು. ‘ಬೆಯಾಯ್ನೆತು’ ಎಂದು ಕೇಳಿದರೆ ಸಾಕು, ಹರಿವಾಣದಷ್ಟು ಅಗಲದ ಇಂಜೆರಾ ಮೇಲೆ ಮಸೂರ ಬೇಳೆಯ ಕೆಂಪು ಗೊಜ್ಜು, ಸೊಪ್ಪಿನ ಪಲ್ಯ, ಕಡಲೆ ಹಿಟ್ಟಿನ ಶಿರೊ ಬರುತ್ತವೆ. ಶಿರೊ ಎಂದರೆ ನಮ್ಮ ಉತ್ತರ ಕರ್ನಾಟಕದ ಝುಣಕವನ್ನು ತೆಳ್ಳಗೆ ಮಾಡಿದ ಹಾಗೆ. ಎಲ್ಲರೂ ಒಂದೇ ತಟ್ಟೆ. ಹುಡುಗ ಮೊದಲ ತುತ್ತನ್ನು ಸುತ್ತಿ ನನ್ನ ಬಾಯಿಗೆ ಹಿಡಿದ. ಇದಕ್ಕೆ ಗುರ್ಶಾ ಎನ್ನುತ್ತಾರೆ. ಬೇಡ ಎನ್ನಬಾರದು.

ಎರಡನೆಯ ದಿನ: ತಿಯಾ ದಾರಿ

ಹೊರಡುವುದೇ ಗಡಿಬಿಡಿಯಾಯಿತು. ಚಾಲಕ ಹನ್ನೆರಡಕ್ಕೆ ಬರುತ್ತೇನೆಂದಿದ್ದ. ಬೆಳಿಗ್ಗೆ ಆರಕ್ಕೇ ಬಂದು ಬಾಗಿಲು ತಟ್ಟಿದ. ಇಥಿಯೋಪಿಯಾದಲ್ಲಿ ದಿನ ಸೂರ್ಯೋದಯದಿಂದ ಶುರು. ನಮ್ಮ ಏಳು ಗಂಟೆ ಅವರ ಒಂದು ಗಂಟೆ, ನಮ್ಮ ಆರು ಅವರ ಹನ್ನೆರಡು. ಬಸ್ಸು, ಬಾಡಿಗೆ ಗಾಡಿ ಗೊತ್ತುಮಾಡುವಾಗ ಯಾರ ಗಡಿಯಾರ ಎಂದು ಕೇಳಿಕೊಳ್ಳದಿದ್ದರೆ ಅರ್ಧ ದಿನ ಹೋಗುತ್ತದೆ. ಉದಯದಿಂದ ಗಳಿಗೆ ಎಣಿಸುತ್ತಿದ್ದ ನನ್ನ ಅಜ್ಜನಿಗೆ ಈ ಲೆಕ್ಕ ಸರಿಯಾಗಿ ಒಪ್ಪುತ್ತಿತ್ತು.

ನಗರ ಬಿಟ್ಟು ಬುಟಜೀರಾ ಕಡೆ ತಿರುಗಿದ ಮೇಲೆ ಎರಡೂ ಬದಿ ಬಂಗಾರದ ಬಣ್ಣ. ಟೆಫ್ ಕೊಯ್ಲು. ಹುಲ್ಲಿನಷ್ಟೇ ತೆಳುವಾದ ಪೈರನ್ನು ಕುಡುಗೋಲಿನಲ್ಲಿ ಕೊಯ್ದು, ಸಗಣಿ ಬಳಿದ ಕಣದ ಮೇಲೆ ಹರಡಿ ಎತ್ತು ತುಳಿಸುತ್ತಿದ್ದರು. ಗಾಡಿ ನಿಲ್ಲಿಸಲು ಹೇಳಿದೆ. ಆರು ಎತ್ತು ಸುತ್ತುತ್ತಿದ್ದವು, ಹಿಂದೆ ಒಬ್ಬ ಮುದುಕ ಎತ್ತುಗಳನ್ನು ಹೊಗಳಿ ಹಾಡುತ್ತಿದ್ದ. ಹಂತಿ ಪದ ಕೇಳಿ ನಲವತ್ತು ವರ್ಷವಾಗಿತ್ತು. ನಮ್ಮಲ್ಲಿ ಕಣವೂ ಹೋಯಿತು, ಹಂತಿಯೂ ಹೋಯಿತು. ರಾಗಿಯನ್ನು ಟಾರ್ ರಸ್ತೆಗೆ ಹರಡಿ ಲಾರಿ ಹತ್ತಿಸುತ್ತೇವೆ. ಭಾಷೆ ತಿಳಿಯದಿದ್ದರೂ ಆ ಹಾಡು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ನನಗೆ ಮುಂಚಿತವಾಗಿಯೇ ಗೊತ್ತಾಗುತ್ತಿತ್ತು. ಕಣ್ಣು ತುಂಬಿತು.

ಆ ಮುದುಕ ಹಾಡು ನಿಲ್ಲಿಸಿ ಮಾತಾಡಿಸಿದ. ಊರು ಕೇಳಿದ. ಭಾರತ ಎಂದೊಡನೆ, ತನಗೆ ಗಣಿತ ಕಲಿಸಿದ ಮೇಷ್ಟ್ರು ಭಾರತದವರು ಎಂದ. ಚಕ್ರವರ್ತಿ ಹೈಲೆ ಸೆಲಾಸಿಯ ಕಾಲದಲ್ಲಿ ಬಹಳ ಮಂದಿ ಭಾರತೀಯ ಶಿಕ್ಷಕರು ಇಲ್ಲಿನ ಹಳ್ಳಿ ಶಾಲೆಗಳಿಗೂ ಬಂದಿದ್ದರು. ಈ ಹತ್ತು ದಿನದಲ್ಲಿ ಅದೇ ಮಾತನ್ನು ನಾಲ್ಕು ಜನ ಹೇಳಿದರು. ಆ ಮೇಷ್ಟ್ರುಗಳು ಗಳಿಸಿಟ್ಟ ಗೌರವವನ್ನು ಇಂದಿಗೂ ನಮ್ಮಂಥ ಪ್ರವಾಸಿಗರು ಉಣ್ಣುತ್ತಿದ್ದೇವೆ.

ತಿಯಾದಲ್ಲಿ ಹುಲ್ಲಿನ ನಡುವೆ ನಿಂತ 36 ಕಲ್ಲುಗಳು. ಅವುಗಳಲ್ಲಿ 32ರ ಮೇಲೆ ಕೆತ್ತನೆ. ಹೆಚ್ಚಿನವುಗಳ ಮೇಲೆ ಕತ್ತಿಗಳು. 1980ರಿಂದ ವಿಶ್ವ ಪರಂಪರೆಯ ತಾಣ. ಮಾಸ್ತಿಕಲ್ಲು, ವೀರಗಲ್ಲುಗಳ ನಾಡಿನವರು ಅಲ್ಲಿ ಸುಮ್ಮನೆ ಅರ್ಧ ಗಂಟೆ ನಿಲ್ಲುತ್ತಾರೆ.

ಮೂರನೆಯ ದಿನ: ಗುರಾಗೆ ಜನರ ಮನೆಯ ಹಿತ್ತಿಲು

ಇಡೀ ಪ್ರವಾಸದಲ್ಲಿ ನನ್ನನ್ನು ಅತ್ಯಂತ ಹೆಚ್ಚು ಕಲಕಿದ್ದು ಈ ಹಿತ್ತಿಲು.

ದೂರದಿಂದ ಬಾಳೆತೋಟ ಎಂದುಕೊಂಡೆ. ಹತ್ತಿರ ಹೋದರೆ ಎಲೆಗಳು ಇನ್ನೂ ಅಗಲ, ನೆಟ್ಟಗೆ ಆಕಾಶಕ್ಕೆ, ನಡುನರ ಕೆಂಪು, ಬುಡ ಇಬ್ಬರು ತಬ್ಬುವಷ್ಟು. ಎಲ್ಲೂ ಗೊನೆ ಇಲ್ಲ. ಇದು ಎನ್ಸೆಟ್, ಬಾಳೆಯ ದಾಯಾದಿ. ಇದರ ಹಣ್ಣು ತಿನ್ನುವುದಿಲ್ಲ. ತಿನ್ನುವುದು ದಿಂಡಿನ ತಿರುಳನ್ನು, ಗೆಡ್ಡೆಯನ್ನು. ನೆಟ್ಟ ನಾಲ್ಕರಿಂದ ಏಳು ವರ್ಷಕ್ಕೆ, ಹೂ ಬಿಡುವ ಮೊದಲು ಕಡಿಯುತ್ತಾರೆ. ದಕ್ಷಿಣ ಇಥಿಯೋಪಿಯಾದಲ್ಲಿ ಸುಮಾರು 2 ಕೋಟಿ ಜನರ ಹೊಟ್ಟೆ ಇದರ ಮೇಲೆ ನಿಂತಿದೆ. ಬಲಿತ 40ರಿಂದ 60 ಗಿಡ ಇದ್ದರೆ ಐದಾರು ಜನರ ಒಂದು ಮನೆಗೆ ವರ್ಷದ ಆಹಾರ.

ಮನೆಯ ಹೆಂಗಸರು ಮೂವರು ಕೆಲಸದಲ್ಲಿದ್ದರು. ಹಿರಿಯಾಕೆ ನೆಲದ ಮೇಲೆ ಕೂತು, ಎದುರಿಗೆ ಓರೆಯಾಗಿ ಆನಿಸಿದ ಹಲಗೆಗೆ ದಿಂಡಿನ ಪಟ್ಟೆಯನ್ನು ಒಂದು ಪಾದದಿಂದ ಒತ್ತಿ ಹಿಡಿದಿದ್ದರು. ಎರಡೂ ಕೈಯಲ್ಲಿ ಬಿದಿರಿನ ಹೆರೆಗತ್ತಿ. ಒಂದೇ ಬೀಸಿಗೆ ತಿರುಳು ಕೆಳಗೆ, ನಾರು ಮೇಲೆ. ಪಾದ ಜಾರಿಸಿ, ಪಟ್ಟೆ ಸರಿಸಿ, ಮತ್ತೆ ಬೀಸು. ಬಿಳಿ ಹಾಲು ಕೆಳಗಿನ ಎಲೆಯ ಮೇಲೆ ಹರಿದು ತಂಗುತ್ತಿತ್ತು. ಆ ಹಾಲು ತಳದಲ್ಲಿ ಕೂತರೆ ಬುಲ್ಲಾ ಎಂಬ ನಯವಾದ ಹಿಟ್ಟು. ಬಾಣಂತಿಯರಿಗೆ, ನೆಂಟರಿಗೆ ಅದರ ಗಂಜಿ. ತಿರುಳನ್ನೂ ಕುಟ್ಟಿದ ಗೆಡ್ಡೆಯನ್ನೂ ಎಲೆ ಹಾಸಿದ ಗುಂಡಿಯಲ್ಲಿ ತುಂಬಿ, ಮೇಲೆ ಎಲೆ ಮುಚ್ಚಿ, ಕಲ್ಲು ಹೇರುತ್ತಾರೆ. ತಿಂಗಳುಗಟ್ಟಲೆ ಹುದುಗಿ ಅದು ಕೊಚೊ ಆಗುತ್ತದೆ. ಗುಂಡಿಯಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತದೆ. ನಮ್ಮ ಹಗೇವಿನಲ್ಲಿ ರಾಗಿ ಕಾಯುತ್ತಿದ್ದಂತೆ ಇಲ್ಲಿ ಮಣ್ಣಿನೊಳಗೆ ಕೊಚೊ ಕಾಯುತ್ತದೆ.

ಆ ಹೆರೆಗತ್ತಿಯನ್ನು ನನ್ನ ಕೈಗೆ ಕೊಟ್ಟರು. ಹತ್ತು ಬೀಸಿಗೆ ಭುಜ ಸೋತಿತು. ಪಟ್ಟೆಯ ರಸ ತಾಗಿದ ಮುಂಗೈ ಸಂಜೆಯವರೆಗೆ ಕಡಿಯುತ್ತಿತ್ತು. ಈ ಕೆಲಸವನ್ನು ಗಂಡಸರು ಮಾಡುವುದಿಲ್ಲ. ನೆಡುವುದು, ಗೊಬ್ಬರ ಹೊರುವುದು, ಕಡಿಯುವುದು ಅವರದ್ದು. ಹೆರೆಯುವುದು, ಹಿಂಡುವುದು, ಹೂಳುವುದು, ಬೇಯಿಸುವುದು ಇವರದ್ದು. 1984–85ರ ಬರದಲ್ಲಿ ಉತ್ತರ ಇಥಿಯೋಪಿಯಾ ತತ್ತರಿಸಿದಾಗ ಎನ್ಸೆಟ್ ಇದ್ದ ಸೀಮೆ ಅಷ್ಟು ಕುಸಿಯಲಿಲ್ಲ. ಅದಕ್ಕೆ ಕಾರಣ ಈ ಪಾದ, ಈ ಭುಜ, ಈ ಗುಂಡಿ. ಆ ಬರದ ಫೋಟೊ ಇಡೀ ಜಗತ್ತಿಗೆ ತಲುಪಿತು, ಈ ಹಿತ್ತಿಲಿನ ಫೋಟೊ ನಮ್ಮೂರಿನ ಶಾಲೆಗೆ ಬರಲೇ ಇಲ್ಲ.

ಹಿರಿಯಾಕೆ ಒಂದು ಗಿಡದ ಬಳಿ ಕರೆದೊಯ್ದು, ನಡುವಿನ ಎಲೆ ಬಾಡಿ ಬಾಗಿದ್ದನ್ನು ತೋರಿಸಿದರು. ದಿಂಡಿಗೆ ಕತ್ತಿ ಹಾಕಿದಾಗ ಹಳದಿ ಕೀವಿನಂಥ ದ್ರವ ಒಸರಿತು. ದುಂಡಾಣು ಸೊರಗು ರೋಗ. ಇಥಿಯೋಪಿಯಾದ ಎನ್ಸೆಟ್‌ನಲ್ಲಿ ಇದನ್ನು 1968ರಲ್ಲಿ ಮೊದಲು ದಾಖಲಿಸಿದರು. ಮುಂದೆ ಉಗಾಂಡಾದ ಬಾಳೆಗೂ ಇದೇ ರೋಗ ಬಂತು. ಔಷಧಿ ಇಲ್ಲ. ರೋಗದ ಗಿಡ ಕಡಿದ ಕತ್ತಿಯನ್ನು ಬೆಂಕಿಗೆ ಹಿಡಿಯದೆ ಇನ್ನೊಂದಕ್ಕೆ ಹಾಕಿದರೆ ಅದಕ್ಕೂ ಹತ್ತುತ್ತದೆ. ಆಕೆ ಕತ್ತಿಯನ್ನು ನೇರ ಒಲೆಗೆ ಇಟ್ಟರು. ಗೋಧಿ, ಮೆಕ್ಕೆಜೋಳಕ್ಕೆ ಸಿಕ್ಕಷ್ಟು ಸಂಶೋಧನೆ ಈ ಗಿಡಕ್ಕೆ ಸಿಕ್ಕಿಲ್ಲ. ಹಿತ್ತಿಲಿನಲ್ಲಿ ಬೆಳೆಯುವ, ಹೆಂಗಸರ ಕೈಯಲ್ಲಿ ತಯಾರಾಗುವ, ಪೇಟೆಗೆ ಹೆಚ್ಚು ಹೋಗದ ಬೆಳೆಗೆ ಎಲ್ಲ ದೇಶದಲ್ಲೂ ಇದೇ ಗತಿ. ನಮ್ಮ ಸಾಮೆ, ನವಣೆಗಳನ್ನು ಕೇಳಿದರೆ ಹೇಳುತ್ತವೆ.

ಮಧ್ಯಾಹ್ನ ಕೊಚೊ ರೊಟ್ಟಿ, ಬೆಂದ ಸೊಪ್ಪು. ರೊಟ್ಟಿ ಒರಟು, ಹುಳಿ, ಅಗಿದಷ್ಟೂ ನಾರು. ಎರಡನೆಯ ತುಂಡಿಗೆ ರುಚಿ ಹತ್ತಿತು. ಗೆಡ್ಡೆಯನ್ನೇ ಬೇಯಿಸಿದ ಅಮಿಚೊ ಆಲೂಗಡ್ಡೆಗಿಂತ ನನಗೆ ಹೆಚ್ಚು ಇಷ್ಟವಾಯಿತು.

ನಾಲ್ಕನೆಯ ದಿನ: ಪಂಕ್ಚರ್, ಕೆಸುವಿನ ಗೆಡ್ಡೆ

ಹೊಸಾಯ್ನಾ ದಾಟಿ ಸೊಡೊ ಕಡೆಗೆ. ರಸ್ತೆ ಮನುಷ್ಯರಿಗಿಂತ ದನಗಳದ್ದು. ಕತ್ತಲಾದ ಮೇಲೆ ಓಡಾಡಬೇಡಿ ಎಂದು ಎಲ್ಲರೂ ಹೇಳುವುದು ಅದಕ್ಕೇ. ವೊಲಾಯ್ತಾ ಸೀಮೆಯಲ್ಲಿ ಟೈರು ಪಂಕ್ಚರ್ ಆಯಿತು. ಬದಲಿ ಟೈರಿನಲ್ಲೂ ಗಾಳಿ ಇರಲಿಲ್ಲ. ಚಾಲಕ ಅದನ್ನು ಬಜಾಜ್ ಹತ್ತಿಸಿಕೊಂಡು ಹೋದ. ಅಲ್ಲಿ ಆಟೊಗೆ ಬಜಾಜ್ ಎಂದೇ ಹೆಸರು. ಎರಡೂವರೆ ಗಂಟೆ ಕಾಯಬೇಕಾಯಿತು.

ರಸ್ತೆ ಪಕ್ಕದ ಹುಡುಗಿಯೊಬ್ಬಳು ಬೇಯಿಸಿದ ಕೆಸುವಿನ ಗೆಡ್ಡೆಯನ್ನು ಬುಟ್ಟಿಯಲ್ಲಿ ಇಟ್ಟುಕೊಂಡಿದ್ದಳು. ಸಿಪ್ಪೆ ಸುಲಿದು, ‘ದಾತಾ’ ಎಂಬ ಹಸಿಮೆಣಸಿನ ಚಟ್ನಿ ಹಚ್ಚಿ ಕೊಟ್ಟಳು. ಬೆಳ್ಳುಳ್ಳಿ, ಶುಂಠಿ, ಹುಳಿ, ಕಿವಿಯವರೆಗೆ ಏರುವ ಖಾರ. ರಂಜಕ ತಿಂದವರು ತಡೆದುಕೊಳ್ಳಬಹುದು. ಚಿಲ್ಲರೆ ಬಿರ್ ನೋಟು ನನ್ನಲ್ಲಿ ಇರಲಿಲ್ಲ. ಅವಳು ನಾಳೆ ಕೊಡು ಎಂದಳು. ನಾಳೆ ನಾನು ಇರುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಚಾಲಕ ಬಂದ ಮೇಲೆ ಅವನಿಂದ ತೆಗೆದುಕೊಟ್ಟೆ. ಹಳ್ಳಿ ಕಡೆ ಹೋಗುವವರು ಸಣ್ಣ ನೋಟಿನ ಒಂದು ಕಟ್ಟನ್ನೇ ಇಟ್ಟುಕೊಂಡಿರಬೇಕು.

ಐದನೆಯ ದಿನ: ಆರ್ಬಾ ಮಿಂಚ್, ದೊರ್ಜೆ

ಆರ್ಬಾ ಮಿಂಚ್ ಎಂದರೆ ನಲವತ್ತು ಚಿಲುಮೆ. ಕೆಳಗೆ ಎರಡು ಸರೋವರ: ಅಬಾಯ ಮಣ್ಣಿನ ಬಣ್ಣ, ಚಾಮೊ ನೀಲಿ. ಸೆಕೆ, ಸೊಳ್ಳೆ, ಬಾಳೆ. ಅಡಿಸ್ ತಿನ್ನುವ ಬಾಳೆಹಣ್ಣಿನ ದೊಡ್ಡ ಪಾಲು ಇಲ್ಲಿಂದ ಹೋಗುತ್ತದೆ. ಮಲೇರಿಯಾ ಮಾತ್ರೆಯನ್ನು ವೈದ್ಯರನ್ನು ಕೇಳಿ ತೆಗೆದುಕೊಂಡು ಹೋಗಿದ್ದು ಒಳ್ಳೆಯದಾಯಿತು.

ಬೆಳಿಗ್ಗೆಯೇ ಬೆಟ್ಟ ಹತ್ತಿದೆವು. ಚೆಂಚಾ ದಾರಿಯಲ್ಲಿ ಒಂದೊಂದು ತಿರುವಿಗೂ ಒಂದೊಂದು ಅಂಗಿ ಹೆಚ್ಚಿಗೆ ಬೇಕು. ಮೇಲೆ ಹೋದಾಗ ಮಂಜು, ಜಿನುಗು ಮಳೆ, ಕೆಂಪು ಕೆಸರು. ದೊರ್ಜೆ ಜನರ ಮನೆಗಳು ಮಂಜಿನಲ್ಲಿ ಆನೆಗಳ ಹಾಗೆ ನಿಂತಿದ್ದವು. ಬಾಗಿಲಿನ ಮೇಲೆ ಮುಂದಕ್ಕೆ ಚಾಚಿದ ಮೂಗು, ಅದರ ಎರಡು ಬದಿ ಕಣ್ಣಿನಂತೆ ಕಿಂಡಿ. ಬಿದಿರು ಹೆಣೆದು, ಎನ್ಸೆಟ್ ಪಟ್ಟೆ ಹೊದಿಸಿದ, ಹತ್ತು ಮೀಟರ್ ಮೀರುವ ಗೂಡುಗಳು. ಗೆದ್ದಲು ಬುಡ ತಿಂದಂತೆಲ್ಲ ಮನೆ ಗಿಡ್ಡವಾಗುತ್ತ ಬರುತ್ತದೆ. ಹೊಸದರಲ್ಲಿ ಅಷ್ಟು ಎತ್ತರ ಇದ್ದದ್ದು ಮೊಮ್ಮಕ್ಕಳ ಕಾಲಕ್ಕೆ ಬಾಗಿ ಒಳಹೋಗುವಂತಾಗುತ್ತದೆ. ಬೇಕೆಂದರೆ ಊರಿನವರೆಲ್ಲ ಸೇರಿ ಇಡೀ ಮನೆಯನ್ನು ಎತ್ತಿ ಬೇರೆ ಕಡೆ ಇಡುತ್ತಾರೆ. ನಾವು ಹೋದ ಮನೆಯ ಯಜಮಾನ, ಈ ಬಾಗಿಲನ್ನು ತನ್ನ ತಂದೆ ಎರಡು ಸಲ ಮೇಲಕ್ಕೆ ಕತ್ತರಿಸಿದ್ದರು ಎಂದು ಗುರುತು ತೋರಿಸಿದ.

ಹೆಂಗಸರು ಹತ್ತಿ ನೂಲುತ್ತಾರೆ, ಗಂಡಸರು ಮಗ್ಗದಲ್ಲಿ ಕೂರುತ್ತಾರೆ. ಹಿತ್ತಿಲಿನಲ್ಲಿ ನಾನು ಕೆಸರಿಗೆ ಜಾರಿ ಬಿದ್ದು ಮಣಿಕಟ್ಟು ಉಳುಕಿತು. ಮನೆಯಾಕೆ ಎನ್ಸೆಟ್ ನಾರಿನಿಂದಲೇ ಪಟ್ಟಿ ಕಟ್ಟಿದರು. ಆಮೇಲೆ ಎಲೆಯಲ್ಲಿ ತಟ್ಟಿ ಬೇಯಿಸಿದ ತೆಳ್ಳನೆ ಕೊಚೊ, ಜೇನು, ಖಾರದ ಚಟ್ನಿ. ಗುರಾಗೆಯ ಒರಟು ರೊಟ್ಟಿಗಿಂತ ಇದು ಎಷ್ಟೋ ನಯ.

ರಾತ್ರಿ ಆರ್ಬಾ ಮಿಂಚ್‌ನಲ್ಲಿ ತಮ್ಮನ ಮನೆಯಲ್ಲಿ ಊಟಕ್ಕೆ ಬಂದಿದ್ದ ನಿವೃತ್ತ ಕೃಷಿ ಅಧಿಕಾರಿಯೊಬ್ಬರು ನನ್ನನ್ನು ಕೇಳಿದರು: ಬೆಂಗಳೂರಿನವರಾದರೆ ಗಂಬೆಲ್ಲಾ ವಿಷಯ ಗೊತ್ತಿರಬೇಕಲ್ಲ? ಗೊತ್ತಿತ್ತು. ಬೆಂಗಳೂರಿನ ಒಂದು ಕಂಪನಿ ಪಶ್ಚಿಮ ಇಥಿಯೋಪಿಯಾದ ಗಂಬೆಲ್ಲಾದಲ್ಲಿ 1 ಲಕ್ಷ ಹೆಕ್ಟೇರ್ ಭೂಮಿಯನ್ನು ಗುತ್ತಿಗೆ ಹಿಡಿದಿತ್ತು. 2011ರಲ್ಲಿ ನೆರೆ ಬಂದು ಮೆಕ್ಕೆಜೋಳ ಮುಳುಗಿತು. 2015ರ ಕೊನೆಗೆ ಸರ್ಕಾರ ಗುತ್ತಿಗೆಯನ್ನು ರದ್ದು ಮಾಡಿತು. ನದಿ ಎಲ್ಲಿಯವರೆಗೆ ಉಕ್ಕುತ್ತದೆ ಎಂದು ಅಲ್ಲಿನ ಅನುವಾಕ್ ಮುದುಕರನ್ನು ಕೇಳಿದ್ದರೆ ಸಾಕಿತ್ತು ಎಂದು ಅವರು ಮೆಲ್ಲಗೆ ಹೇಳಿದರು. ನಾನು ತಲೆ ತಗ್ಗಿಸಿದೆ. ಮೇಷ್ಟ್ರುಗಳನ್ನು ಕಳಿಸಿದ ನಾಡಿನಿಂದಲೇ ಅದೂ ಹೋಗಿತ್ತು.

ಆರು ಮತ್ತು ಏಳನೆಯ ದಿನ: ಕೊನ್ಸೊ

ಆರ್ಬಾ ಮಿಂಚ್‌ನಿಂದ ದಕ್ಷಿಣಕ್ಕೆ ತೊಂಬತ್ತು ಕಿ.ಮೀ. ಹತ್ತಿರ. ನೆಲ ಒಣಗುತ್ತ ಬರುತ್ತದೆ. ಕೊನ್ಸೊ ಗುಡ್ಡಗಳು ಕಂಡಾಗ ಯಾರೋ ಬಾಚಣಿಗೆಯಿಂದ ಗೀರಿದ ಹಾಗೆ ಬುಡದಿಂದ ತುದಿಯವರೆಗೆ ಗೆರೆ. ಕಲ್ಲುಬದುಗಳು. ಗಾರೆ ಇಲ್ಲ, ಮಣ್ಣಿನ ಮೆತ್ತೂ ಇಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಕೆಲವು ಕಡೆ 5 ಮೀಟರ್ ಎತ್ತರ. ನಾನೂರು ವರ್ಷಕ್ಕೂ ಹೆಚ್ಚು ಕಾಲ, ಇಪ್ಪತ್ತಕ್ಕೂ ಮೀರಿದ ತಲೆಮಾರುಗಳು ಕಟ್ಟುತ್ತ ಬಂದದ್ದು. 2011ರಲ್ಲಿ ಯುನೆಸ್ಕೊ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಊರೊಳಗೆ ಹೋಗಲು ಪೇಟೆಯ ಪ್ರವಾಸಿ ಕಚೇರಿಯಲ್ಲಿ ಶುಲ್ಕ ಕಟ್ಟಿ ಸ್ಥಳೀಯ ಮಾರ್ಗದರ್ಶಿಯನ್ನು ಕರೆದುಕೊಳ್ಳಬೇಕು. ಫೋಟೊಗೆ ಕೇಳಿಯೇ ಕೈ ಹಾಕಬೇಕು.

ಊರುಗಳಿಗೆ ಕಲ್ಲಿನ ಕೋಟೆ, ಒಳಗೆ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಕಿರಿದಾದ ಓಣಿ. ನಡುವೆ ಬಯಲು, ಅಲ್ಲಿ ನೆಟ್ಟ ಎತ್ತರದ ಮರದ ಕಂಬಗಳ ಗುಚ್ಛ: ಒಂದು ತಲೆಮಾರು ಜವಾಬ್ದಾರಿ ವಹಿಸಿಕೊಂಡಾಗ ಒಂದು ಕಂಬ. ಎಣಿಸಿದರೆ ಊರಿನ ವಯಸ್ಸು. ಪಕ್ಕದ ದೊಡ್ಡ ಹುಲ್ಲುಮಾಡಿನ ಕಟ್ಟೆಮನೆಯಲ್ಲಿ ಊರಿನ ಹುಡುಗರು ರಾತ್ರಿ ಮಲಗುತ್ತಾರೆ. ಬೆಂಕಿ ಬಿದ್ದರೆ, ಬದು ಒಡೆದರೆ ಮೊದಲು ಓಡುವವರು ಅವರು.

ಏಳನೆಯ ದಿನ ಬೆಳಿಗ್ಗೆ ಹೊಲಕ್ಕೆ ಇಳಿದೆ. ಎರಡನೆಯ ಮಳೆಯ ಬೆಳೆ ನಿಂತಿತ್ತು. ಜೋಳ, ಅದರ ನಡುವೆ ಹುರುಳಿಯಂಥ ಬಳ್ಳಿ, ಹತ್ತಿ, ಅಂಚಿನಲ್ಲಿ ತೊಗರಿ, ನಡುನಡುವೆ ನುಗ್ಗೆಮರ. ನಮ್ಮ ಅಕ್ಕಡಿಯನ್ನು ಗುಡ್ಡಕ್ಕೆ ಹತ್ತಿಸಿದ ಹಾಗೆ. ತೊಗರಿಗಿಡ ನೋಡಿ ಮನಸ್ಸು ಅರಳಿತು. ಅದು ನಮ್ಮ ನೆಲದಲ್ಲಿ ಹುಟ್ಟಿ ಇಲ್ಲಿಗೆ ಬಂದ ಬೆಳೆ. ರಾಗಿ, ಜೋಳ, ಹುಚ್ಚೆಳ್ಳು ಅವರು ಕೊಟ್ಟರೆ ತೊಗರಿಯಾದರೂ ನಾವು ಕೊಟ್ಟೆವಲ್ಲ.

ಒಬ್ಬ ನಡುವಯಸ್ಸಿನ ರೈತ ಬಿದ್ದ ಬದುವನ್ನು ಎತ್ತುತ್ತಿದ್ದ. ಒಂದು ಕಲ್ಲನ್ನು ತೆಗೆದುಕೊಂಡು ಮೂರು ಸಲ ತಿರುಗಿಸಿ ನೋಡಿದ. ಚೂಪು ತುದಿಯನ್ನು ಗುಡ್ಡದ ಒಳಗೆ ಹೋಗುವಂತೆ ಇಟ್ಟ, ಮೇಲಿಂದ ಅಂಗೈಯಲ್ಲಿ ಅದುಮಿದ. ಅಲುಗಿತು. ತೆಗೆದು, ಕೆಳಗೆ ಒಂದು ಚಕ್ಕೆ ಸಿಕ್ಕಿಸಿ, ಮತ್ತೆ ಇಟ್ಟ. ಅಲುಗಲಿಲ್ಲ. ಸಂದಿಗಳನ್ನು ಏಕೆ ಮುಚ್ಚುವುದಿಲ್ಲ ಎಂದು ಕೇಳಿದೆ. ನೀರು ಹೋಗಬೇಕು, ಮಣ್ಣು ಉಳಿಯಬೇಕು ಎಂದ. ಬಿದ್ದ ಕಲ್ಲನ್ನು ಅದೇ ವಾರ ಎತ್ತಿಡದಿದ್ದರೆ ಕೆಳಗಿನವನ ಹೊಲವೂ ಹೋಗುತ್ತದೆ, ಆದ್ದರಿಂದ ಬದು ಯಾರೊಬ್ಬರದ್ದೂ ಅಲ್ಲ ಎಂದ.

ಸರ್ಕಾರ 2005ರಲ್ಲಿ ಶುರುಮಾಡಿದ ಆಹಾರ ಭದ್ರತೆಯ ಯೋಜನೆಯಲ್ಲಿ ಬಡ ಕುಟುಂಬಗಳು ಬದು ಕಟ್ಟಿ, ಹೊಂಡ ತೋಡಿ ಧಾನ್ಯ ಅಥವಾ ಹಣ ಪಡೆಯುತ್ತವೆ. ನಮ್ಮ ಉದ್ಯೋಗ ಖಾತರಿ ಕಾಯ್ದೆ ಬಂದದ್ದೂ ಅದೇ ವರ್ಷ. ಅಳತೆಗೆ ತಕ್ಕಂತೆ ಕಟ್ಟಿದ ಹೊಸ ಬದು, ಹಿರಿಯರು ಕಟ್ಟಿದ ಹಳೆಯ ಬದು ಎರಡನ್ನೂ ಅವನು ತೋರಿಸಿದ. ಹೊಸದು ಕೆಲವು ಕಡೆ ಹೊಟ್ಟೆ ಉಬ್ಬಿಸಿಕೊಂಡಿತ್ತು. ಕೂಲಿ ಬೇಕು, ಬರಗಾಲದಲ್ಲಿ ಅದು ಮಕ್ಕಳನ್ನು ಉಳಿಸಿತು ಎಂಬುದನ್ನೂ ಅವನೇ ಹೇಳಿದ. ಆದರೆ ಕಲ್ಲು ತಿರುಗಿಸಿ ನೋಡುವುದನ್ನು ಮಗನಿಗೆ ಕಲಿಸಲು ಪುರುಸೊತ್ತು ಸಿಗುತ್ತಿಲ್ಲ, ಅವನು ಪೇಟೆಯಲ್ಲಿ ಬಜಾಜ್ ಓಡಿಸುತ್ತಾನೆ ಎಂದ. ನಮ್ಮ ಊರಿನ ಕಟ್ಟೆಗಳು ಒಡೆದದ್ದೂ ಹೀಗೆಯೇ. ಆ ಮಾತು ಕೇಳಿ ನನಗೆ ಏನೂ ಹೇಳಲು ತೋಚಲಿಲ್ಲ. ಸುಮ್ಮನೆ ಒಂದಿಷ್ಟು ಚಕ್ಕೆ ಆರಿಸಿ ಕೊಟ್ಟೆ.

ಅವನ ಮನೆಯಲ್ಲಿ ಜೋಳದ ಹಿಟ್ಟಿನ ಪುಟ್ಟ ಉಂಡೆಗಳನ್ನು ನುಗ್ಗೆಸೊಪ್ಪಿನ ಜೊತೆ ಬೇಯಿಸಿ ಸೋರೆಬುರುಡೆಯಲ್ಲಿ ಹಾಕಿಕೊಟ್ಟರು. ಇಲ್ಲಿನ ನುಗ್ಗೆ ನಮ್ಮದರ ತಂಗಿ: ಎಲೆ ದೊಡ್ಡದು, ಬುಡ ದಪ್ಪ. ಕಾಯಿಗಿಂತ ಸೊಪ್ಪಿಗಾಗಿಯೇ ಬೆಳೆಸುತ್ತಾರೆ. ಮಳೆ ಇಲ್ಲದ ತಿಂಗಳಲ್ಲಿ ಇಡೀ ಊರು ಈ ಸೊಪ್ಪಿನ ಮೇಲೆ ಬದುಕುತ್ತದೆ. ನುಗ್ಗೆಸೊಪ್ಪಿನ ಉಪ್ಸಾರು, ಮುದ್ದೆ ಬಲ್ಲವರಿಗೆ ಆ ಬುರುಡೆಯಲ್ಲಿ ಅನ್ಯವಾದದ್ದು ಏನೂ ಇರಲಿಲ್ಲ.

ಎಂಟನೆಯ ದಿನ

ಇಡೀ ದಿನ ಗಾಡಿಯಲ್ಲಿ. ಕೊನ್ಸೊದಿಂದ ಪೂರ್ವಕ್ಕೆ ಹತ್ತಿರದ ದಾರಿ ಇದ್ದರೂ ಅಲ್ಲಿನವರು ಬೇಡ ಎಂದರು. ಈ ದೇಶದಲ್ಲಿ ಯಾವ ದಾರಿ ಶಾಂತವಾಗಿದೆ ಎಂದು ಅಂದಂದೇ ಊರಿನವರನ್ನು ಕೇಳಿ ಹೊರಡಬೇಕು. ಬಂದ ದಾರಿಯಲ್ಲೇ ಸೊಡೊಗೆ ಹೋಗಿ, ಹವಾಸಾದಲ್ಲಿ ರಾತ್ರಿ ತಂಗಿದೆವು.

ಒಂಬತ್ತು ಮತ್ತು ಹತ್ತನೆಯ ದಿನ: ಗೆಡಿಯೊ

ಡಿಲ್ಲಾ ದಾಟಿ ಯಿರ್ಗಚೆಫೆ ಕಡೆಗೆ. ದುಭಾಷಿ ಹುಡುಗನ ಊರು. ಕಾಡಿನೊಳಗೆ ಹೋಗುತ್ತಿದ್ದೇವೆ ಎಂದುಕೊಂಡರೆ ಅದು ತೋಟ. ಮೇಲೆ ಹಳೆಯ ಕಾಡುಮರಗಳು, ಅವುಗಳ ಕೆಳಗೆ ಎನ್ಸೆಟ್, ಅದರ ನೆರಳಿನಲ್ಲಿ ಕಾಫಿ, ಕಾಫಿಯ ಬುಡದಲ್ಲಿ ಸೊಪ್ಪು, ಗೆಣಸು. ಒಂದಂಗುಲ ನೆಲ ಬಿಸಿಲಿಗೆ ಬಿದ್ದಿಲ್ಲ. 2023ರಲ್ಲಿ ಇದೂ ವಿಶ್ವ ಪರಂಪರೆಯ ತಾಣವಾಯಿತು. ಬಾಬಾ ಬುಡನ್ ಯೆಮೆನ್‌ನಿಂದ ಚಂದ್ರದ್ರೋಣ ಪರ್ವತಕ್ಕೆ ತಂದರೆಂಬ ಬೀಜದ ಮೂಲ ಮನೆ ಇಥಿಯೋಪಿಯಾದ ಕಾಡು. ನಮ್ಮ ಮಲೆನಾಡಿನ ತೋಟಗಳಲ್ಲಿ ಕಾಡುಮರ ಕಡಿದು ಸಿಲ್ವರ್ ಓಕ್ ನೆಟ್ಟದ್ದು ನೆನಪಾಗಿ ಬೇಸರವಾಯಿತು.

ಹಣ್ಣು ಕೊಯ್ಲಿನ ಕಾಲ. ಕೆಂಪಾದದ್ದನ್ನು ಮಾತ್ರ ಬಿಡಿಸಬೇಕು. ಹುಡುಗನ ತಾಯಿ ಜೊತೆ ಅರ್ಧ ದಿನ ಬಿಡಿಸಿದೆ. ಉಳುಕಿದ ಕೈ ಸುಮ್ಮನಿತ್ತು, ಇನ್ನೊಂದು ಕೈ ಸಾಕಾಯಿತು. ಕಾಫಿಗೆ ಬೆಲೆ ಬಿದ್ದ ವರ್ಷ ಏನು ಮಾಡುತ್ತೀರಿ ಎಂದು ಕೇಳಿದೆ. ಆಕೆ ಮಾತಾಡದೆ ಎನ್ಸೆಟ್ ಬುಡವನ್ನು ಅಂಗೈಯಿಂದ ತಟ್ಟಿದರು.

ಸಂಜೆ ಕಾಫಿ. ನೆಲಕ್ಕೆ ಹಸಿ ಹುಲ್ಲು ಹಾಸಿ, ಹಸಿಬೀಜ ತೊಳೆದು, ಬಾಣಲೆಯಲ್ಲಿ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮುಖದ ಬಳಿ ತಂದರು. ಕೈಯಲ್ಲಿ ಅದರ ಹೊಗೆಯನ್ನು ಆರತಿಯಂತೆ ತೆಗೆದುಕೊಳ್ಳಬೇಕು. ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು: ಅಬೊಲ್, ತೋನಾ, ಬರಕಾ. ಮೂರನೆಯದನ್ನು ಕುಡಿಯದೆ ಏಳಬಾರದು, ಅದು ಆಶೀರ್ವಾದ. ಪಕ್ಕದ ಮನೆಯವರೂ ಬಂದು ಕೂತರು. ಅವಸರದಲ್ಲಿರುವವರು ಇಲ್ಲಿ ಕಾಫಿ ಕೇಳಲೇಬಾರದು.

ಹತ್ತನೆಯ ದಿನ ಬೆಳಿಗ್ಗೆ ಬ್ಯಾಗ್ ಕಟ್ಟುವಾಗ ಮೆರ್ಕಾಟೊದ ದಗುಸ ಕೈಗೆ ಸಿಕ್ಕಿತು. ಹಿಂದಿನ ರಾತ್ರಿಯೇ ಹೇಳಿಟ್ಟಿದ್ದೆ. ಹುಡುಗನ ತಂಗಿ ಅದನ್ನು ಕಾಫಿ ಕುಟ್ಟುವ ಒರಳಿನಲ್ಲಿ ಕುಟ್ಟಿ, ಎರಡು ಸಲ ಜರಡಿ ಹಿಡಿದಳು. ಎಸರು ಕುದಿಯಿತು. ಹಿಟ್ಟು ಸುರಿದು, ಬೇಯಲು ಬಿಟ್ಟು, ಸೌದೆಯ ಒಂದು ನಯವಾದ ಕೋಲನ್ನೇ ಮುದ್ದೆ ಕೋಲು ಮಾಡಿಕೊಂಡು ತಿರುವಿದೆ. ಒಂದು ಕೈಗೆ ಬಲ ಸಾಲದೆ ಗಂಟು ಬೀಳತೊಡಗಿದಾಗ ತಾಯಿ ಎದುರಿಗೆ ಕೂತು ಪಾತ್ರೆಯನ್ನು ಎರಡು ಪಾದಗಳಿಂದ ಬಿಗಿಯಾಗಿ ಹಿಡಿದರು. ಮೂಗಿಗೆ ಆ ಕಂದು ಆವಿ ಬಡಿದಾಗ ನಮ್ಮ ಹಜಾರದಲ್ಲಿ ಕೂತಂತಾಯಿತು.

ಕೈಗೆ ನೀರು ಹಚ್ಚಿ ಉಂಡೆ ಕಟ್ಟಿ ತಟ್ಟೆಗಿಟ್ಟೆ. ತಾಯಿ ಅದನ್ನು ನೋಡಿದವರೇ ‘ಗೆನ್ಫೊ!’ ಎಂದರು. ಬಾರ್ಲಿ ಹಿಟ್ಟಿನಲ್ಲಿ ಬಾಣಂತಿಯರಿಗೆ ಮಾಡುವ ಗಟ್ಟಿ ಗಂಜಿಗೆ ಅಲ್ಲಿ ಆ ಹೆಸರು. ನಾನು ಸಾರು ಇಲ್ಲವಲ್ಲ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಆಕೆ ಹೆಬ್ಬೆರಳಿನಿಂದ ನನ್ನ ಮುದ್ದೆಯ ನೆತ್ತಿಯಲ್ಲಿ ಒಂದು ಗುಳಿ ತೋಡಿ, ಮಸಾಲೆ ಹಾಕಿ ಕಾಯಿಸಿದ ತುಪ್ಪವನ್ನು ತುಂಬಿ, ಮೇಲೆ ಬೆರ್ಬೆರೆ ಎಂಬ ಕೆಂಪು ಖಾರದ ಪುಡಿ ಉದುರಿಸಿದರು. ಅಂಚಿನಿಂದ ಒಂದು ತುತ್ತು ಮುರಿದು, ತುಪ್ಪದಲ್ಲಿ ಅದ್ದಿ, ನನ್ನ ಬಾಯಿಗೆ ಹಿಡಿದರು. ಅಗಿಯಬೇಡಿ, ನುಂಗಿ ಎಂದು ನಾನು ಅವರಿಗೆ ಹೇಳಿಕೊಡಬೇಕಾಗಿತ್ತು. ಬಾಯಿ ತುಂಬಿತ್ತು. ಕೈಸನ್ನೆಯಲ್ಲಿ ತೋರಿಸಿದೆ.